ಖರೇನೇ ಹೋಗಿತ್ತೇನ್ರಿ?

2024ರ ಜೂನ್ ತಿಂಗಳ ಮೊದಲ ವಾರ. ರೋಹಿಣಿ ಮಳೆ ಇನ್ನೂ ಹನಿಯೊಡೆದಿರಲಿಲ್ಲ. ಬೆಳಿಗ್ಗೆ ಹತ್ತೂವರೆಗೇ ತರಗತಿಯ ಶಹಾಬಾದ್ ಕಲ್ಲಿನ ನೆಲ ಬರಿಗಾಲಿಗೆ ಬೆಚ್ಚಗೆ ತಾಗುತ್ತಿತ್ತು. ಅಂಥ ಹೊತ್ತಿನಲ್ಲಿ ನಾನು ಒಂಬತ್ತನೆಯ ತರಗತಿಯ ಮೇಜಿನ ಮೇಲೆ ಬೆಳ್ಳಿಬಣ್ಣದ ಮೂರು ಪೊಟ್ಟಣಗಳನ್ನು ಇಟ್ಟು, ಇವುಗಳಲ್ಲಿ ಐಸ್‌ಕ್ರೀಮ್ ಇದೆ ಎಂದು ಹೇಳಿದೆ. ಮಕ್ಕಳು ನಂಬಲಿಲ್ಲ. ಕಲಬುರಗಿಯ ಬಿಸಿಲಿನಲ್ಲಿ ಡಬ್ಬಿಯಿಂದ ಹೊರಬಂದ ಐಸ್‌ಕ್ರೀಮ್ ಕೈಗೆ ಬರುವಷ್ಟರಲ್ಲಿ ಮೊಣಕೈವರೆಗೆ ಇಳಿದಿರುತ್ತದೆ ಎಂಬುದು ಅವರಿಗೆ ಗೊತ್ತಿದ್ದ ಸತ್ಯವಾಗಿತ್ತು. ಪೊಟ್ಟಣ ಒಡೆದು ಒಳಗಿದ್ದ ಬಿಲ್ಲೆಯನ್ನು ಹಾಳೆಯ ಮೇಲಿಟ್ಟೆ. ಕಂದು, ಬಿಳಿ, ಗುಲಾಬಿ ಎಂಬ ಮೂರು ಪಟ್ಟಿಗಳಿದ್ದ ಆ ಬಿಲ್ಲೆ ಹಗುರವಾಗಿತ್ತು, ಒಣಗಿತ್ತು, ಗೋಡೆಗೆ ಬಳಿದ ಸುಣ್ಣದ ಹಕ್ಕಳೆಯ ಹಾಗೆ ಮುಟ್ಟಿದರೆ ಪುಡಿಯಾಗುತ್ತಿತ್ತು. 41 ಮಕ್ಕಳಿಗೆ ಕಡಲೆಕಾಳಿನಷ್ಟು ದೊಡ್ಡ ಚೂರುಗಳನ್ನು ಹಂಚಿದೆ. ನಾಲಿಗೆಯ ಮೇಲೆ ಅದು ಮೊದಲು ಬತ್ತಾಸಿನಂತೆ ಗರಿಗರಿಯಾಗಿದ್ದು, ಆಮೇಲೆ ಹಾಲಿನ ಕೆನೆಯ ರುಚಿ ಕೊಡುತ್ತ ಕರಗಿತು.

ಇದು ಅಮೆರಿಕದ ಬಾಹ್ಯಾಕಾಶ ಸಂಗ್ರಹಾಲಯವೊಂದರ ಅಂಗಡಿಯಲ್ಲಿ ಕೊಂಡ ತಿನಿಸು, ಗಗನಯಾತ್ರಿಗಳ ಐಸ್‌ಕ್ರೀಮ್ ಎಂಬುದು ಇದರ ಹೆಸರು ಎಂದು ಹೇಳಿದಾಗ ಮೂರನೆಯ ಸಾಲಿನಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ, ಇದು ಖರೇನೇ ಆಕಾಶಕ್ಕ ಹೋಗಿತ್ತೇನ್ರಿ?"

ಹೋಗಿತ್ತು ಎಂದು ಹೇಳುವುದು ಸುಲಭವಾಗಿತ್ತು. ಪೊಟ್ಟಣದ ಮೇಲಿದ್ದ ಗಗನಯಾತ್ರಿಯ ಚಿತ್ರವೂ ಅದನ್ನೇ ಹೇಳುತ್ತಿತ್ತು. ಆದರೆ ಕೊಳ್ಳುವ ಮುನ್ನ ನಾನು ಅದರ ಕಥೆಯನ್ನು ಓದಿಕೊಂಡಿದ್ದೆ. 1968ರ ಅಪೊಲೊ 7 ಯಾನದ ಊಟದ ಪಟ್ಟಿಯಲ್ಲಿ ಐಸ್‌ಕ್ರೀಮಿನ ಹೆಸರೇನೋ ಇದೆ. ಆದರೆ ಆ ಯಾನದಲ್ಲಿ ಹೋಗಿಬಂದ ಮೂವರಲ್ಲಿ ಒಬ್ಬರಾದ ವಾಲ್ಟ್ ಕನಿಂಗ್‌ಹ್ಯಾಮ್, ತಾವು ಅಲ್ಲಿ ಐಸ್‌ಕ್ರೀಮ್ ತಿನ್ನಲಿಲ್ಲ ಎಂದೇ ಮುಂದೊಮ್ಮೆ ಹೇಳಿದರು. ಹೀಗೆ ಮುಟ್ಟಿದರೆ ಪುಡಿಯಾಗುವ ತಿನಿಸು ನೌಕೆಯೊಳಗೆ ಹೊಂದುವುದೂ ಇಲ್ಲ. ಅಲ್ಲಿ ಉದುರಿದ ಪುಡಿ ನೆಲಕ್ಕೆ ಬೀಳದೆ ಗಾಳಿಯಲ್ಲಿ ತೇಲುತ್ತ ಕಣ್ಣಿಗೋ ಯಂತ್ರಕ್ಕೋ ಹೊಗುತ್ತದೆ. ನಿಜವಾದ ತಣ್ಣನೆಯ ಐಸ್‌ಕ್ರೀಮ್ ಮಾತ್ರ ಹೋಗಿದೆ. 2012ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಸಾಮಾನು ಹೊತ್ತೊಯ್ದ ಡ್ರ್ಯಾಗನ್ ನೌಕೆಯ ಶೀತಪೆಟ್ಟಿಗೆಯಲ್ಲಿ ಅದು ಇತ್ತು. ಪ್ರಯೋಗದ ಮಾದರಿಗಳನ್ನು ಕೆಳಗೆ ತರಲೆಂದು ಇಟ್ಟ ಪೆಟ್ಟಿಗೆ ಹೋಗುವಾಗ ಖಾಲಿ ಹೋಗಬಾರದಲ್ಲ.

ಹಾಗಾಗಿ "ಇಲ್ಲವ್ವಾ, ಇದು ಹೋಗಿರಲಿಲ್ಲ" ಎಂದೆ. ಹುಡುಗಿ ಕುಳಿತಳು. ಅವಳ ಮುಖ ಸಪ್ಪಗಾದದ್ದನ್ನು ನೋಡಿ ನನಗೆ ಸಂಕಟವಾಯಿತು. ಆದರೆ ಆ ಪ್ರಶ್ನೆ ನನ್ನಲ್ಲೇ ಉಳಿದುಕೊಂಡಿತು. ಸಂಗ್ರಹಾಲಯದ ಅಂಗಡಿಯಲ್ಲಿ ಸುಮಾರು ಎರಡು ತಾಸು ನಿಂತಿದ್ದಾಗ ನನ್ನ ಮನಸ್ಸಿನಲ್ಲಿ ಸ್ಪಷ್ಟವಾಗದೆ ಸುಳಿಯುತ್ತಿದ್ದ ಪ್ರಶ್ನೆಯೂ ಅದೇ ಆಗಿತ್ತು.

ಮಗಳು ಕೆಲಸದ ಮೇಲೆ ವರ್ಜೀನಿಯಾದಲ್ಲಿದ್ದಾಳೆ. ಆ ವರ್ಷದ ಬೇಸಿಗೆ ರಜೆಯಲ್ಲಿ ನಾನು ಮತ್ತು ನನ್ನ ಹೆಂಡತಿ ಅವಳಲ್ಲಿಗೆ ಹೋಗಿದ್ದೆವು. ವಾಷಿಂಗ್ಟನ್ನಿನ ಡಲೆಸ್ ವಿಮಾನ ನಿಲ್ದಾಣದ ಮಗ್ಗುಲಿಗೆ ಸ್ಮಿತ್ಸೋನಿಯನ್ ಸಂಸ್ಥೆಯ ರಾಷ್ಟ್ರೀಯ ವಿಮಾನ ಮತ್ತು ಬಾಹ್ಯಾಕಾಶ ಸಂಗ್ರಹಾಲಯದ ಎರಡನೆಯ ಶಾಖೆಯಾದ ಉದ್ವಾರ್-ಹೇಜಿ ಕೇಂದ್ರವಿದೆ. 2003ರಲ್ಲಿ ತೆರೆದ ಅದು ಹತ್ತು ದಾಲ್‌ಮಿಲ್ಲುಗಳನ್ನು ಒಟ್ಟಿಗೆ ನಿಲ್ಲಿಸಬಹುದಾದಷ್ಟು ದೊಡ್ಡ ಕಮಾನಿನ ಕಟ್ಟಡ. ಒಳಗೆ, ಕಣ್ಣೆದುರಿಗೇ, ಡಿಸ್ಕವರಿ ಶಟಲ್ ನಿಂತಿದೆ. 1984ರಿಂದ 2011ರವರೆಗೆ 39 ಬಾರಿ ಮೇಲೆ ಹೋಗಿ ಬಂದ ನೌಕೆ ಅದು. ಹಬಲ್ ದೂರದರ್ಶಕವನ್ನು 1990ರಲ್ಲಿ ಕಕ್ಷೆಗೆ ಒಯ್ದದ್ದೂ ಅದೇ. ಚಿತ್ರಗಳಲ್ಲಿ ಅಚ್ಚ ಬಿಳಿಯಾಗಿ ಕಾಣುವ ಅದರ ಮೈ ಹತ್ತಿರದಿಂದ ಹಾಗಿಲ್ಲ. ಒಲೆಯ ಹಿಂದಿನ ಗೋಡೆಯಂತೆ ಕಪ್ಪು, ಕಂದು, ಹಳದಿ ಗೀರುಗಳು ಅದರ ತುಂಬ ಇವೆ. ಹೊಟ್ಟೆಗೆ ಸಾಲಾಗಿ ಅಂಟಿಸಿದ ಶಾಖನಿರೋಧಕ ಬಿಲ್ಲೆಗಳ ಅಂಚುಗಳಲ್ಲಿ ಮಸಿ ಹಿಡಿದಿದೆ. ಮೂವತ್ತು ವರ್ಷ ಭೌತವಿಜ್ಞಾನ ಪಾಠ ಮಾಡಿದವನಾಗಿ, ವಾತಾವರಣಕ್ಕೆ ಮರಳುವಾಗ ನೌಕೆ ಕಾಯುತ್ತದೆ ಎಂಬ ವಾಕ್ಯವನ್ನು ಎಷ್ಟು ಸಲ ಹೇಳಿದ್ದೆನೋ ತಿಳಿಯದು. ಆ ಗೀರುಗಳೆದುರು ನಿಂತಾಗ ಆ ವಾಕ್ಯ ಮೊದಲ ಬಾರಿಗೆ ನನ್ನ ಮೈಗೆ ತಾಕಿತು.

ಅಲ್ಲಿಂದ ಹೊರಬರುವ ದಾರಿಯಲ್ಲೇ ಅಂಗಡಿ. ನಮ್ಮ ಕಡೆ ಊರಿಗೆ ಹೋದವರು ಬರಿಗೈಯಲ್ಲಿ ಮನೆಗೆ ಮರಳುವುದಿಲ್ಲ. ಹೋಳಿ ಹುಣ್ಣಿಮೆಯ ನಂತರ ನಡೆಯುವ ಶರಣಬಸಪ್ಪನ ಜಾತ್ರೆಗೆ ಹೋದರೆ ನೆರೆಮನೆಯವರಿಗೂ ಒಂದಿಷ್ಟು ಬೆಂಡು ಬತ್ತಾಸು ಕಟ್ಟಿಸಿಕೊಂಡೇ ಬರಬೇಕು. ಬಂದೇನವಾಜರ ಉರುಸಿಗೆ ಹೋದವರ ಮನೆಯ ಮಕ್ಕಳ ಕೈಯಲ್ಲಿ ಮರುದಿನ ಹೊಸ ಬಳೆ, ಹೊಸ ಪೀಪಿ ಇರಲೇಬೇಕು. "ಹೋದವರು ನೋಡಿ ಬರ್ತಾರ, ಹೋಗದವರಿಗೆ ಏನರ ತರ್ಬೇಕಪ್ಪಾ" ಎಂದು ನನ್ನ ಅವ್ವ ಹೇಳುತ್ತಿದ್ದಳು. ಆ ಅಂಗಡಿಯ ಬಾಗಿಲಲ್ಲಿ ನನಗೆ ನೆನಪಾದವರು ನನ್ನ 41 ಮಕ್ಕಳು. ಅವರಲ್ಲಿ ಹೆಚ್ಚಿನವರು ತೊಗರಿ ಹೊಲಗಳಲ್ಲಿ ಕೂಲಿಗೆ ಹೋಗುವವರ ಮನೆಯವರು. ಬೆಂಗಳೂರನ್ನು ಕಂಡವರೇ ಏಳೆಂಟು ಮಂದಿ.

ಅಂಗಡಿಯಲ್ಲಿ ಏನಿತ್ತೆಂದು ಕೇಳಿದರೆ, ಏನಿರಲಿಲ್ಲ ಎಂದು ಹೇಳುವುದೇ ಸುಲಭ. ಶಟಲ್‌ನ ಗೊಂಬೆ, ಗ್ರಹಗಳ ಬಣ್ಣದ ಚೆಂಡು, ಗಗನಯಾತ್ರಿಯ ಉಡುಪು ತೊಟ್ಟ ಕರಡಿ, ಕತ್ತಲಲ್ಲಿ ಹೊಳೆಯುವ ನಕ್ಷತ್ರದ ಚೀಟಿ, ಚಹಾ ಕಪ್ಪು, ಕಾಲುಚೀಲ, ನಾಸಾ ಎಂದು ಬರೆದ ಅಂಗಿಗಳ ಒಂದು ಗೋಡೆ. ಅಂಗಿಗಳ ಮುಂದೆ ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ, ಏಕೆಂದರೆ ಅದೇ ಅಂಗಿ ಕಲಬುರಗಿಯ ಸೂಪರ್ ಮಾರ್ಕೆಟಿನ ರಸ್ತೆಬದಿಯಲ್ಲಿ, ಒಂದರ ಮೇಲೊಂದು ರಾಶಿ ಹಾಕಿದ ಬಂಡಿಗಳಲ್ಲಿ, ಚೌಕಾಸಿ ಮಾಡಿದರೆ ಇನ್ನೂ ಅಗ್ಗಕ್ಕೆ ಸಿಗುತ್ತದೆ. ನಾಸಾ ಸರಕಾರಿ ಸಂಸ್ಥೆಯಾದ್ದರಿಂದ ತನ್ನ ಚಿಹ್ನೆ ಬಳಸಲು ಶುಲ್ಕ ಕೇಳುವುದಿಲ್ಲ, ತಯಾರಕರು ಅನುಮತಿ ಪಡೆದರೆ ಸಾಕು. ಬಂಡಿಯ ಮೇಲಿನ ಅಂಗಿಗಳಿಗೆ ಅಷ್ಟನ್ನೂ ಯಾರು ಕೇಳಿರುತ್ತಾರೋ! ನನ್ನ ತರಗತಿಗೇ ಒಬ್ಬ ಹುಡುಗ ಶನಿವಾರದ ದಿನ ಆ ಅಂಗಿ ತೊಟ್ಟು ಬರುತ್ತಿದ್ದ. ಅದರ ಮೇಲಿನ ಅಕ್ಷರಗಳು ಏನೆಂದು ಕೇಳಿದರೆ ಅವನಿಗೆ ಗೊತ್ತಿರಲಿಲ್ಲ. ಆ ದಿನ ಪಾಠ ಬಿಟ್ಟು ಅವನನ್ನೇ ಮುಂದೆ ನಿಲ್ಲಿಸಿಕೊಂಡು, ನೀಲಿ ವೃತ್ತ ಗ್ರಹ, ಬಿಳಿ ಚುಕ್ಕೆಗಳು ನಕ್ಷತ್ರ, ಕೆಂಪು ಗೆರೆ ವಿಮಾನದ ರೆಕ್ಕೆ, ಸುತ್ತಿದ ಬಿಳಿ ಬಳೆ ನೌಕೆಯ ಕಕ್ಷೆ ಎಂದು ಬಿಡಿಸಿ ಹೇಳಿದೆ. ಆ ಚಿಹ್ನೆಯನ್ನು ರೂಪಿಸಿದ್ದು 1959ರಲ್ಲಿ ಎಂದೂ ಹೇಳಿದೆ. ಅಂಗಿ ಎಲ್ಲಿ ಕೊಂಡದ್ದೆಂಬುದು ಆಮೇಲೆ ಮುಖ್ಯವಾಗಿ ಉಳಿಯಲಿಲ್ಲ.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಒಂದು ಪೆನ್ನು.

ಫಿಶರ್ ಸ್ಪೇಸ್ ಪೆನ್. ಗಾಜಿನ ಪೆಟ್ಟಿಗೆಯಲ್ಲಿ ಮೂರು ಬಗೆಯವು ಇದ್ದವು. ಅದನ್ನು ಕಂಡೊಡನೆ ನನಗೆ ನಾಚಿಕೆಯೇ ಆಯಿತು, ಏಕೆಂದರೆ ಹಲವು ವರ್ಷಗಳ ಹಿಂದೆ ಶಾಲೆಯ ಪ್ರಾರ್ಥನಾ ಸಭೆಯಲ್ಲಿ ನಾನು ಆ ಪೆನ್ನಿನ ಬಗ್ಗೆ ಒಂದು ಸುಳ್ಳು ಕಥೆ ಹೇಳಿದ್ದೆ. ಕಥೆ ಎಲ್ಲರಿಗೂ ಗೊತ್ತಿರುವುದೇ. ಅಮೆರಿಕದವರು ಬಾಹ್ಯಾಕಾಶದಲ್ಲಿ ಬರೆಯುವ ಪೆನ್ನಿಗಾಗಿ ಕೋಟಿಗಟ್ಟಲೆ ಡಾಲರ್ ಸುರಿದರಂತೆ, ರಷ್ಯಾದವರು ಪೆನ್ಸಿಲ್ಲಿನಲ್ಲಿ ಬರೆದು ಮುಗಿಸಿದರಂತೆ. ಮೊಬೈಲಿನಲ್ಲಿ ಬಂದದ್ದನ್ನು ಪರೀಕ್ಷಿಸದೆ 300 ಮಕ್ಕಳ ಮುಂದೆ ಹೇಳಿದೆ. ನಡೆದದ್ದು ಹಾಗಲ್ಲ. ಮೊದಮೊದಲು ಎರಡೂ ಕಡೆಯವರು ಪೆನ್ಸಿಲ್ಲನ್ನೇ ಬಳಸುತ್ತಿದ್ದರು. ನಾಸಾ 1965ರಲ್ಲಿ 34 ಯಾಂತ್ರಿಕ ಪೆನ್ಸಿಲ್ಲುಗಳನ್ನು ಒಂದೊಂದಕ್ಕೆ 128 ಡಾಲರಿಗೂ ಹೆಚ್ಚು ಕೊಟ್ಟು ಕೊಂಡು ಜನರಿಂದ ಬೈಸಿಕೊಂಡದ್ದೂ ಉಂಟು. ಪೆನ್ಸಿಲ್ಲಿನ ಮೊನೆ ಮುರಿದರೆ ಚೂರು ತೇಲುತ್ತದೆ. ಗ್ರ್ಯಾಫೈಟ್ ವಿದ್ಯುತ್ತನ್ನು ಹರಿಸುತ್ತದೆ. ಮರ ಹೊತ್ತಿ ಉರಿಯುತ್ತದೆ. 1967ರ ಜನವರಿಯಲ್ಲಿ ಅಪೊಲೊ 1ರ ಬೆಂಕಿಯಲ್ಲಿ ಮೂವರು ತೀರಿಕೊಂಡ ಮೇಲೆ ಉರಿಯುವ ಯಾವ ವಸ್ತುವನ್ನೂ ಒಳಗೆ ಬಿಡಲು ಅವರಿಗೆ ಭಯ. ಪಾಲ್ ಫಿಶರ್ ಎಂಬ ಪೆನ್ನು ತಯಾರಕ ತನ್ನ ಸ್ವಂತ ಹಣದಿಂದ, ಸುಮಾರು 10 ಲಕ್ಷ ಡಾಲರ್ ಖರ್ಚು ಮಾಡಿ, ಶಾಯಿಯ ನಳಿಗೆಯೊಳಗೆ ನೈಟ್ರೋಜನ್ ಅನಿಲವನ್ನು ಒತ್ತಡದಲ್ಲಿ ತುಂಬಿದ ಪೆನ್ನನ್ನು 1965ರಲ್ಲಿ ರೂಪಿಸಿದ್ದ. ಸಾಮಾನ್ಯ ಪೆನ್ನಿನಲ್ಲಿ ಶಾಯಿ ಕೆಳಗಿಳಿಯುವುದು ಭೂಮಿಯ ಸೆಳೆತದಿಂದ, ಇದರಲ್ಲಿ ಹಿಂದಿನಿಂದ ಅನಿಲ ತಳ್ಳುವುದರಿಂದ. ನಾಸಾ ಪರೀಕ್ಷೆ ಮಾಡಿ 400 ಪೆನ್ನುಗಳನ್ನು ಒಂದೊಂದಕ್ಕೆ ಕೆಲವೇ ಡಾಲರ್ ಕೊಟ್ಟು ಕೊಂಡಿತು. 1969ರಲ್ಲಿ ಸೋವಿಯತ್ ಒಕ್ಕೂಟವೂ ಅದೇ ಬಗೆಯ 100 ಪೆನ್ನುಗಳನ್ನು ಕೊಂಡಿತು.

ಆ ಹುಡುಗಿಯ ಪ್ರಶ್ನೆಗೆ ಈ ಪೆನ್ನಿನ ಕುಲ ಹೌದೆಂದು ಉತ್ತರಿಸಬಲ್ಲದು. 1968ರ ಅಕ್ಟೋಬರಿನ ಅಪೊಲೊ 7ರಿಂದ ಹಿಡಿದು ಅದು ಹೋಗುತ್ತಲೇ ಇದೆ. ಬೆಲೆ ಹೆಚ್ಚಾದರೂ ಒಂದನ್ನು ಕೊಂಡೆ. ಶಾಲೆಗೆ ತಂದ ಮೇಲೆ ಮಕ್ಕಳು ಮೇಜಿನ ಕೆಳಗೆ ಅಂಗಾತ ಮಲಗಿ, ಹಲಗೆಗೆ ಒತ್ತಿ ಹಿಡಿದ ಹಾಳೆಯ ಮೇಲೆ ತಲೆಕೆಳಗಾಗಿ ತಮ್ಮ ಹೆಸರು ಬರೆದರು. ಐದು ರೂಪಾಯಿಯ ಪೆನ್ನು ನಾಲ್ಕು ಅಕ್ಷರಕ್ಕೆ ಬಿಳಿಯಾಯಿತು, ಇದು ನಿಲ್ಲಲಿಲ್ಲ. ಬಕೆಟ್ಟಿನ ನೀರಿನೊಳಗೆ ಮುಳುಗಿಸಿ ಬರೆದರೂ ನಿಲ್ಲಲಿಲ್ಲ. ಆ ದಿನ ಅದೇ 41 ಮಕ್ಕಳ ಮುಂದೆ, ಹಿಂದೊಮ್ಮೆ ನಿಮ್ಮ ಅಣ್ಣ ಅಕ್ಕಂದಿರಿಗೆ ನಾನು ತಪ್ಪು ಹೇಳಿದ್ದೆ, ಮನೆಗೆ ಹೋಗಿ ಅವರಿಗೆ ತಿದ್ದಿ ಹೇಳಿರಿ ಎಂದು ಕೇಳಿಕೊಂಡೆ.

ಡಿಸ್ಕವರಿಯ ಹೊಟ್ಟೆಯ ಬಿಲ್ಲೆಗಳಂಥವು ಆ ಅಂಗಡಿಯಲ್ಲಿ ಇರಲಿಲ್ಲ. ಆದರೆ ಶಟಲ್ ಯುಗ ಮುಗಿಯುವ ಹೊತ್ತಿಗೆ ನಾಸಾ ಉಳಿದ ಬಿಲ್ಲೆಗಳನ್ನು ಅಮೆರಿಕದ ಶಾಲೆ ಕಾಲೇಜುಗಳಿಗೆ ಹಂಚಿತ್ತು, ಸಾಗಣೆಯ ಖರ್ಚು 23.40 ಡಾಲರನ್ನು ಮಾತ್ರ ಕೇಳಿ. ಒಬ್ಬ ಮಾಸ್ತರನಾಗಿ ಈ ಸುದ್ದಿಯನ್ನು ಓದಿದಾಗ ನನಗಾದ ಆಸೆಯನ್ನು ಹೇಗೆ ಬಣ್ಣಿಸಲಿ! ಥರ್ಮೋಕೋಲಿನಷ್ಟು ಹಗುರವಾದ, ಒಂದು ಮಗ್ಗುಲು ಕೆಂಪಗೆ ಕಾಯಿಸಿದರೂ ಇನ್ನೊಂದು ಮಗ್ಗುಲಿಗೆ ಬಿಸಿ ದಾಟಿಸದ ಆ ಬಿಲ್ಲೆ ಒಂದು ತರಗತಿಯಲ್ಲಿದ್ದರೆ ಶಾಖದ ಪಾಠಕ್ಕೆ ಬೇರೆ ಚಿತ್ರ ಬೇಕಿಲ್ಲ.

ಹೋಗಿಬಂದ ವಸ್ತುವಿನ ಆಸೆ ನಮ್ಮಂಥವರಿಗೆ ಮಾತ್ರ ಇದ್ದದ್ದಲ್ಲ, ಹೋದವರಿಗೂ ಇತ್ತು. 1971ರ ಅಪೊಲೊ 15ರಲ್ಲಿ ಹೋದ ಡೇವಿಡ್ ಸ್ಕಾಟ್, ಜೇಮ್ಸ್ ಇರ್ವಿನ್, ಆಲ್‌ಫ್ರೆಡ್ ವರ್ಡನ್ ಎಂಬ ಮೂವರು, ಅನುಮತಿ ಇಲ್ಲದೆ ಸುಮಾರು 400 ಅಂಚೆ ಲಕೋಟೆಗಳನ್ನು ಚಂದ್ರನವರೆಗೆ ಒಯ್ದು ತಂದರು. ಅವುಗಳಲ್ಲಿ 100 ಜರ್ಮನಿಯ ಅಂಚೆಚೀಟಿ ವ್ಯಾಪಾರಿಗೆ ಹೋಗಿ, ಒಂದೊಂದು ಸುಮಾರು 1500 ಡಾಲರಿಗೆ ಮಾರಾಟವಾದವು. ಸುದ್ದಿ ಹೊರಬಿದ್ದಾಗ ಮೂವರೂ ಛೀಮಾರಿಗೆ ಗುರಿಯಾದರು, ಮತ್ತೆ ಯಾನ ಕೈಗೊಳ್ಳಲಿಲ್ಲ. ಈ ಸ್ಕಾಟ್ ಅವರೇ ಚಂದ್ರನ ಮೇಲೆ ನಿಂತು ಒಂದು ಕೈಯಿಂದ ಸುತ್ತಿಗೆ, ಇನ್ನೊಂದು ಕೈಯಿಂದ ಗಿಡುಗದ ಗರಿ ಬಿಟ್ಟು, ಎರಡೂ ಒಟ್ಟಿಗೆ ನೆಲ ಮುಟ್ಟಿದ್ದನ್ನು ತೋರಿಸಿದವರು. ಆ ಚಿತ್ರವನ್ನು ನಾನು ಪ್ರತಿವರ್ಷ ಮಕ್ಕಳಿಗೆ ತೋರಿಸುತ್ತೇನೆ. ಗೆಲಿಲಿಯೊ ಹೇಳಿದ್ದನ್ನು ಜಗತ್ತಿಗೆಲ್ಲ ಕಾಣುವಂತೆ ಮಾಡಿದ ಮನುಷ್ಯನೇ ಲಕೋಟೆಗಳನ್ನೂ ಒಯ್ದ ಎಂಬುದನ್ನು ಅರಗಿಸಿಕೊಳ್ಳಲು ನನಗೆ ಸ್ವಲ್ಪ ಕಾಲ ಹಿಡಿಯಿತು. ಅವರನ್ನು ಹಳಿಯುವ ಮನಸ್ಸು ನನಗಿಲ್ಲ. ಅಷ್ಟು ದೂರ ಹೋದವರಿಗೆ ಏನಾದರೂ ತರಬೇಕೆನ್ನಿಸುವುದು ಸಹಜ. ಮಾರಲಿಕ್ಕೆ ತಂದಾಗ ಮಾತ್ರ ಅದರ ಸ್ವರೂಪ ಬೇರೆಯಾಗುತ್ತದೆ.

ಚಂದ್ರನಿಂದ ಅಪೊಲೊ ಯಾನಗಳು ತಂದ ಕಲ್ಲು ಮಣ್ಣು ಒಟ್ಟು 382 ಕಿಲೊ. ಅದು ಅಮೆರಿಕದ ಸರಕಾರದ ಆಸ್ತಿ, ಯಾವ ಅಂಗಡಿಯಲ್ಲೂ ಮಾರುವಂತಿಲ್ಲ. ನಮ್ಮ ಚಂದ್ರಯಾನ 3 ಇಳಿದದ್ದು 2023ರ ಆಗಸ್ಟ್ 23ರಂದು. ಅದು ಏನನ್ನೂ ಮರಳಿ ತರುವ ಯಾನವಾಗಿರಲಿಲ್ಲ, ವಿಕ್ರಮ್ ಮತ್ತು ಪ್ರಜ್ಞಾನ್ ಎರಡೂ ಅಲ್ಲೇ ಉಳಿದಿವೆ. ಹೀಗಿರುವಾಗ ಆಕಾಶದ ನಿಜವಾದ ವಸ್ತುವೊಂದನ್ನು ಸಾಮಾನ್ಯರು ಕೊಳ್ಳಬಹುದಾದ ದಾರಿ ಒಂದೇ, ತಾನಾಗಿ ಬಂದು ಬಿದ್ದದ್ದನ್ನು ಕೊಳ್ಳುವುದು. ಗಾಜಿನ ಪೆಟ್ಟಿಗೆಯ ಒಂದು ಮೂಲೆಯಲ್ಲಿ ಉಲ್ಕಾಶಿಲೆಯ ಚೂರುಗಳಿದ್ದವು. ಉಗುರಿನಷ್ಟು ಅಗಲದ, ಹಾಳೆ ಹಾಳೆಯಾಗಿ ಕೊಯ್ದ ಕಬ್ಬಿಣದ ಒಂದು ತುಣುಕನ್ನು ಅಂಗಡಿಯ ಹುಡುಗಿ ನನ್ನ ಅಂಗೈಯಲ್ಲಿ ಇಟ್ಟಳು. ಸ್ವೀಡನ್ನಿನ ಉತ್ತರ ತುದಿಯಲ್ಲಿ, ಮುಒನಿಯೊನಲುಸ್ತಾ ಎಂಬಲ್ಲಿ, 1906ರಲ್ಲಿ ಮೊದಲ ಬಾರಿಗೆ ಸಿಕ್ಕ ಉಲ್ಕೆಯ ಕುಲದ್ದು ಅದು. ಅದರ ಮೇಲೆ ಬೆಳ್ಳಿಯ ಬಣ್ಣದ ಪಟ್ಟಿಗಳು ಒಂದನ್ನೊಂದು ಓರೆಯಾಗಿ ಹಾಯ್ದು, ಈಚಲ ಚಾಪೆಯ ಹೆಣಿಗೆಯಂತೆ ಕಾಣುತ್ತಿದ್ದವು. ಅದನ್ನು ಯಾರೂ ಕೆತ್ತಿದ್ದಲ್ಲ. ಯಾವುದೋ ಪುಟ್ಟ ಗ್ರಹಕಾಯದ ಹೊಟ್ಟೆಯಲ್ಲಿ ಕರಗಿದ ಕಬ್ಬಿಣ ಮತ್ತು ನಿಕ್ಕಲ್ ಲಕ್ಷಾಂತರ ವರ್ಷಗಳಲ್ಲಿ ಒಂದೊಂದೇ ಡಿಗ್ರಿ ತಣಿಯುವಾಗ, ನಿಕ್ಕಲ್ ಕಡಿಮೆ ಇರುವ ಲೋಹ ಮತ್ತು ಹೆಚ್ಚಿರುವ ಲೋಹ ಬೇರೆ ಬೇರೆ ಹರಳುಗಳಾಗಿ ಬೆಳೆದು ಆದ ವಿನ್ಯಾಸ ಅದು. ಅಷ್ಟು ನಿಧಾನದ ತಣಿಯುವಿಕೆ ಭೂಮಿಯ ಯಾವ ಕುಲುಮೆಯಲ್ಲೂ ಆಗದು. ನಯಗೊಳಿಸಿದ ಮೈಗೆ ನೈಟ್ರಿಕ್ ಆಮ್ಲ ಹಚ್ಚಿದಾಗ ಒಂದು ಬಗೆಯ ಹರಳು ಹೆಚ್ಚು ಕರಗಿ, ಇನ್ನೊಂದು ಉಳಿದು, ಹೆಣಿಗೆ ಕಣ್ಣಿಗೆ ಬೀಳುತ್ತದೆ.

"ಅಪ್ಪಾ, ಇದನ್ನ ತೊಗೋರಿ" ಎಂದು ಮಗಳು ಹೇಳಿದಳು. ಅಷ್ಟು ಹೊತ್ತೂ ಬೇಸರಿಸದೆ ನನ್ನ ಹಿಂದೆ ನಿಂತಿದ್ದವಳು ಅವಳು. ತುಣುಕಿನ ಹಣವನ್ನು ಅವಳೇ ಕೊಟ್ಟಳು.

ಇಲ್ಲಿ ನನ್ನ ಕಹಿಯಾದ ಒಂದು ನೆನಪನ್ನು ಹೇಳಬೇಕು. 2019ರಲ್ಲಿ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ, ನಮ್ಮದೇ ರಾಜ್ಯದ ಒಂದು ವಿಜ್ಞಾನ ಪ್ರದರ್ಶನದ ಹೊರಗಿದ್ದ ಮಾರಾಟದ ಮೇಜಿನ ಮೇಲೆ ಕೀಲಿಗೊಂಚಲುಗಳಿದ್ದವು. ಮಕ್ಕಳು ಇಪ್ಪತ್ತು, ಮೂವತ್ತು ರೂಪಾಯಿ ಕೊಟ್ಟು ಸಂಭ್ರಮದಿಂದ ಕೊಂಡರು. ಬಸ್ಸಿನಲ್ಲಿ ಕೈಗೆ ತೆಗೆದುಕೊಂಡು ನೋಡಿದರೆ ಅದು ಅಮೆರಿಕದ ಶಟಲ್, ರೆಕ್ಕೆಯ ಮೇಲೆ ನಮ್ಮ ತ್ರಿವರ್ಣ, ಕೆಳಗೆ ಚಂದ್ರಯಾನ ಎಂದು ಬರೆದಿತ್ತು. ಮಾರಿದವನಿಗೆ ಗೊತ್ತಿಲ್ಲದಿರಬಹುದು, ಅಲ್ಲಿಡಲು ಒಪ್ಪಿದವರಿಗೆ ಗೊತ್ತಿರಬೇಕಾಗಿತ್ತು. ಮನೆಯಲ್ಲಿ ಕೂಲಿಯಿಂದ ಉಳಿಸಿ ಕೊಟ್ಟ ದುಡ್ಡಿನಲ್ಲಿ ಆ ಮಕ್ಕಳು ಒಂದು ಸುಳ್ಳನ್ನು ಕೊಂಡು ತಂದರು ಎಂಬ ನೋವು ನನಗೆ ಈಗಲೂ ಹೋಗಿಲ್ಲ. ಸಾವಿರ ರೂಪಾಯಿಯ ವಸ್ತು ಬೇಕಿಲ್ಲ. ಇಪ್ಪತ್ತು ರೂಪಾಯಿಯದ್ದಾದರೂ ಸರಿ, ಅದು ಏನೆಂದು ಹೇಳುತ್ತದೋ ಅದೇ ಆಗಿರಬೇಕು.

ನಮ್ಮ ದೇಶ ಅಂಥ ವಸ್ತುವನ್ನು ಒಮ್ಮೆ ಎರಡೇ ರೂಪಾಯಿಗೆ ಎಲ್ಲರ ಕೈಗೂ ಕೊಟ್ಟಿತ್ತು. ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರ 1984ರಲ್ಲಿ ಆರಂಭವಾದಾಗ ನನಗೆ ಹನ್ನೊಂದು ವರ್ಷ. ದಾಲ್‌ಮಿಲ್ಲಿನಲ್ಲಿ ಗುಮಾಸ್ತರಾಗಿದ್ದ ಅಪ್ಪ ಒಂದು ಭಾನುವಾರ ಅಲ್ಲಿಗೆ ಕರೆದೊಯ್ದು, ಏನಾದರೂ ಕೊಂಡು ತಿನ್ನು ಎಂದು ಎರಡು ರೂಪಾಯಿಯ ಹೊಸ ನೋಟೊಂದನ್ನು ಕೊಟ್ಟರು. ಕೊಡುವ ಮುನ್ನ ಅದನ್ನು ತಿರುಗಿಸಿ, ಹಿಂಬದಿಯ ಚಿತ್ರವನ್ನು ಬೆರಳಿನಿಂದ ತೋರಿಸಿ, "ಇದು ಆರ್ಯಭಟ. ನಮ್ಮವರು ಬೆಂಗಳೂರಾಗ ಕಟ್ಟಿದ್ದು. ಮ್ಯಾಲ ತಿರುಗ್ಲತ್ತದ" ಎಂದರು. ಪೀಣ್ಯದ ತಗಡಿನ ಶೆಡ್ಡುಗಳಲ್ಲಿ, ಉಡುಪಿ ಸಮೀಪದ ಅದಮಾರಿನ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಕಟ್ಟಿದ 360 ಕಿಲೊ ತೂಕದ ಆ ಉಪಗ್ರಹವನ್ನು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಮೇಲಕ್ಕೆ ಒಯ್ದಿತ್ತು. ವಿದ್ಯುತ್ ವ್ಯವಸ್ಥೆ ಕೆಟ್ಟು ಕೆಲವೇ ದಿನಗಳಲ್ಲಿ ಅದರ ಪ್ರಯೋಗಗಳು ನಿಂತರೂ, ಅಪ್ಪ ಹೇಳಿದ ಆ ಭಾನುವಾರವೂ ಅದು ನಮ್ಮ ತಲೆಯ ಮೇಲೆ ನಿಜವಾಗಿ ತಿರುಗುತ್ತಲೇ ಇತ್ತು. ವಾತಾವರಣಕ್ಕೆ ಇಳಿದು ಉರಿದುಹೋದದ್ದು 1992ರಲ್ಲಿ. ನಾನು ಏನನ್ನೂ ಕೊಂಡು ತಿನ್ನಲಿಲ್ಲ. ಆ ನೋಟು ಅಪ್ಪನ ಕೈಬರಹದ ಲೆಕ್ಕದ ಪುಸ್ತಕವೊಂದರ ನಡುವೆ ಈಗಲೂ ಇದೆ. ಮಡಿಕೆಯ ಗೆರೆ ಆರ್ಯಭಟದ ಪಕ್ಕದಲ್ಲೇ ಹಾಯ್ದಿದ್ದರೂ ಅದರ ಮೈಯ ಮುಖಗಳನ್ನು ಎಣಿಸಲು ಪ್ರಯತ್ನಿಸಬಹುದು. ಒಟ್ಟು 26 ಮುಖಗಳ ಕಾಯ ಅದು, ನೋಟಿನ ಮೇಲೆ ಅರ್ಧ ಮಾತ್ರ ಕಾಣುತ್ತದೆ. ಮುಂದೆ 2016ರಲ್ಲಿ ಬಂದ 2000 ರೂಪಾಯಿ ನೋಟಿನ ಮೇಲೆ ಮಂಗಳಯಾನ ಇತ್ತು. ಆದರೆ ಅದನ್ನು ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಕೈಯಲ್ಲಿ ಹಿಡಿದಿದ್ದಾರು? ಎರಡು ರೂಪಾಯಿಯ ನೋಟು ಮಾತ್ರ ಕಿರಾಣಿ ಅಂಗಡಿಯಿಂದ ಗುಡಿಯ ಹುಂಡಿಯವರೆಗೆ ಎಲ್ಲ ಕಡೆ ಹೋಗಿಬಂದಿತ್ತು.

ದಸರಾ ರಜೆಯಲ್ಲಿ ಉಲ್ಕೆಯ ತುಣುಕನ್ನೂ ಆ ನೋಟನ್ನೂ ಜೇಬಿನಲ್ಲಿಟ್ಟುಕೊಂಡು ರೈಲಿನಲ್ಲಿ ಬೀದರಿಗೆ ಹೋದೆ. ಬಿದ್ರಿ ಕೆಲಸದ ಒಬ್ಬ ಹಿರಿಯರ ಪರಿಚಯ ನನಗೆ ಬಹುಕಾಲದ್ದು. ಅವರನ್ನು ಚಾಚಾ ಎಂದೇ ಕರೆಯುತ್ತೇನೆ. ಮೇಣ ಹಚ್ಚಿದ ಕಲ್ಲಿನ ಮೇಲೆ ಕೂರಿಸಿದ ಹೂಜಿಯೊಂದಕ್ಕೆ ಬೆಳ್ಳಿಯ ತಂತಿ ಕೂರಿಸುತ್ತಿದ್ದರು. ಉಳಿಯಿಂದ ಕೊರೆದ ಕೂದಲೆಳೆಯ ಕಾಲುವೆಯೊಳಗೆ ತಂತಿ ಇಟ್ಟು, ಸಣ್ಣ ಸುತ್ತಿಗೆಯಿಂದ ಟುಕು ಟುಕು ಎಂದು ಬಡಿಯುತ್ತ ಹೋದರೆ ತಂತಿ ಹೆಸರಿಲ್ಲದಂತೆ ಲೋಹದೊಳಗೆ ಸೇರಿಕೊಳ್ಳುತ್ತಿತ್ತು. ಉಲ್ಕೆಯ ತುಣುಕನ್ನು ಏನೂ ಹೇಳದೆ ಅವರ ಮುಂದಿಟ್ಟೆ. ಬೆಳಕಿಗೆ ಹಿಡಿದು, ಓರೆಯಾಗಿ ತಿರುಗಿಸಿ, ಹೆಬ್ಬೆರಳಿನಿಂದ ಸವರಿ ನೋಡಿದರು.

"ಇದು ಕೈಕೆಲಸ ಅಲ್ಲ ಮಾಸ್ತರ್ ಸಾಬ್. ಆದ್ರ ಇದಕ್ಕ ತೇಜಾಬ್ ಹಚ್ಯಾರ" ಎಂದರು. ತೇಜಾಬ್ ಎಂದರೆ ಆಮ್ಲ.

ಆಕಾಶದಿಂದ ಬಿದ್ದದ್ದು ಎಂದು ಹೇಳಿದೆ. ಅವರು ತುಣುಕನ್ನು ಕಣ್ಣಿಗೊತ್ತಿಕೊಂಡು ಮರಳಿ ಕೊಟ್ಟರು. ಅವರಿಗೆ ಒಂದೇ ನೋಟಕ್ಕೆ ತಿಳಿದದ್ದು ಏಕೆಂದರೆ ಅವರ ಕಸುಬಿನ ಗುಟ್ಟೂ ಅದೇ. ಬಿದ್ರಿಯ ಲೋಹದಲ್ಲಿ ಹೆಚ್ಚಿನದು ಸತು, ಸ್ವಲ್ಪವೇ ತಾಮ್ರ. ಕೆತ್ತುವಾಗ ಗೆರೆ ಕಾಣಲೆಂದು ಮೈಲುತುತ್ತದ ನೀರು ಹಚ್ಚಿ ಮೇಲ್ಮೈಯನ್ನು ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಬೆಳ್ಳಿ ಕೂರಿಸಿ ಉಜ್ಜಿ ನಯ ಮಾಡಿದ ಮೇಲೆ ಇಡೀ ವಸ್ತು ಒಂದೇ ಬೂದು ಬಣ್ಣಕ್ಕೆ ಬಂದು, ಎಲ್ಲಿ ಬೆಳ್ಳಿ, ಎಲ್ಲಿ ಸತು ಎಂದು ತಿಳಿಯದಂತಾಗುತ್ತದೆ. ಕೊನೆಗೆ ಬೀದರ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ ಬಿಸಿ ಮಾಡಿದ ರಾಡಿಯಲ್ಲಿ ಮುಳುಗಿಸಿದಾಗ ಸತು ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಅಲ್ಲಿಯವರೆಗೆ ಅಡಗಿದ್ದ ಚಿತ್ರ ಕತ್ತಲಿನಿಂದ ಎದ್ದು ಬರುತ್ತದೆ. ಎರಡು ಲೋಹಗಳಲ್ಲಿ ಒಂದನ್ನು ಮಾತ್ರ ಮುಟ್ಟುವ ಒಂದು ರಸ. ವಿಯೆನ್ನಾದಲ್ಲಿ 1808ರಲ್ಲಿ ವಿಡ್‌ಮನ್‌ಸ್ಟಾಟನ್ ಉಲ್ಕೆಯೊಳಗಿನ ಹೆಣಿಗೆಯನ್ನು ಗುರುತಿಸುವುದಕ್ಕೂ ಬಹಳ ಹಿಂದಿನಿಂದ, ಬಹಮನಿ ಕಾಲದಿಂದ, ಈ ಊರಿನ ಕೈಗಳಿಗೆ ಇದು ಗೊತ್ತಿದೆ.

ಎರಡು ರೂಪಾಯಿಯ ನೋಟನ್ನು ತೋರಿಸಿ, ಹಳೆಯ ರೂಪಾಯಿ ನಾಣ್ಯದಷ್ಟು ಅಗಲದ ಬಿಲ್ಲೆಯ ಮೇಲೆ ಈ ಆರ್ಯಭಟವನ್ನು ತಾರ್‌ಕಶಿಯಲ್ಲಿ, ಅಂದರೆ ಬೆಳ್ಳಿಯ ತಂತಿ ಕೂರಿಸುವ ಕೆಲಸದಲ್ಲಿ, ಮಾಡಿಕೊಡಬಹುದೇ ಎಂದು ಕೇಳಿದೆ. ಚಾಚಾ ನೋಟನ್ನು ಬಹಳ ಹೊತ್ತು ನೋಡಿ, ಹೂ ಬಳ್ಳಿಗಿಂತ ಇದು ಸಲೀಸು, ಎಲ್ಲಾ ಸೀದಾ ಗೆರೆ ಎಂದರು. ಒಂದು ಶರತ್ತನ್ನೂ ಹಾಕಿದರು. ಕಪ್ಪು ಏರಿಸುವ ದಿನ ಮಕ್ಕಳನ್ನು ಕರೆತರಬೇಕು, ಅವರ ಕಣ್ಮುಂದೆಯೇ ಏರಿಸುತ್ತೇನೆ.

ಜನವರಿಯಲ್ಲಿ 41 ಮಕ್ಕಳಲ್ಲಿ 36 ಮಂದಿ ಬಸ್ಸಿನಲ್ಲಿ ಬೀದರಿಗೆ ಬಂದರು. ಕೋಟೆ, ಗವಾನ್ ಮದರಸಾ ನೋಡಿಯಾದ ಮೇಲೆ ಚಾಚಾ ಅವರ ಅಂಗಳದಲ್ಲಿ ಸುತ್ತುಗಟ್ಟಿ ಕುಳಿತೆವು. ಬೂದು ಬಿಲ್ಲೆ ಕೈಯಿಂದ ಕೈಗೆ ಹೋಗಿ ಬಂತು. ಅದರಲ್ಲಿ ಯಾರಿಗೂ ಏನೂ ಕಾಣಲಿಲ್ಲ. ಮಣ್ಣಿನ ರಾಡಿಯಲ್ಲಿ ಮುಳುಗಿಸಿ, ತಿರುಗಿಸಿ, ತೆಗೆದು ನೀರಿನಲ್ಲಿ ತೊಳೆದು, ಎಣ್ಣೆಯ ಬಟ್ಟೆಯಿಂದ ಒರೆಸಿದಾಗ, ಕಾಡಿಗೆಯಂಥ ಕಪ್ಪಿನ ನಡುವೆ ಆರ್ಯಭಟದ ಮುಖಗಳು ಬೆಳ್ಳಿಯ ಗೆರೆಗಳಾಗಿ ನಿಂತಿದ್ದವು. ಮಕ್ಕಳಿಂದ ಹೊರಟ ಉಸಿರು ನನಗೆ ಕೇಳಿಸಿತು.

ಹೊರಡುವಾಗ ಕೆಲವರು ನೆನಪಿಗೆ ಚಿಟಿಕೆ ಮಣ್ಣು ಕೇಳಿದರು. ಚಾಚಾ ಬೇಸರಿಸದೆ, ನೋಟುಪುಸ್ತಕದ ಹಾಳೆ ಹರಿದು ಹಿಡಿದವರಿಗೆಲ್ಲ ಮಡಕೆಯಿಂದ ಒಂದೊಂದು ಚಿಟಿಕೆ ಹಾಕಿಕೊಟ್ಟರು. ಮೂರನೆಯ ಸಾಲಿನ ಆ ಹುಡುಗಿ ಹಾಳೆಯನ್ನು ಮಡಚದೆ ಹಾಗೇ ಹಿಡಿದು ನಿಂತಿದ್ದಳು.

"ಚಾಚಾ, ಇದು ಖರೇನೇ ಕೋಟಿ ಮಣ್ಣೇನ್ರಿ?"

ಚಾಚಾ ಉತ್ತರ ಹೇಳಲಿಲ್ಲ. ಅವಳ ಹಾಳೆಯಿಂದ ಒಂದು ಕಾಳಿನಷ್ಟು ಮಣ್ಣನ್ನು ಬೆರಳ ತುದಿಗೆ ಅಂಟಿಸಿಕೊಂಡು ತಮ್ಮ ನಾಲಿಗೆಯ ಮೇಲಿಟ್ಟು, ಕಣ್ಣು ಮುಚ್ಚಿ ಒಂದು ಕ್ಷಣ ನಿಂತರು. ಒಳ್ಳೆಯ ಮಣ್ಣನ್ನು ಅವರ ಕಸುಬಿನವರು ಗುರುತಿಸುವುದು ಹಾಗೆಯೇ, ರುಚಿಯಿಂದ. ಆಮೇಲೆ ಹಾಳೆಯನ್ನು ಅವಳ ಕಡೆ ಚಾಚಿದರು. ಹುಡುಗಿ ನನ್ನ ಮುಖ ನೋಡಿದಳು, ಬೆರಳನ್ನು ಮಣ್ಣಿಗೆ ಒತ್ತಿ, ನಾಲಿಗೆಗೆ ಮುಟ್ಟಿಸಿಕೊಂಡಳು.